ನೋಡುವ ಕೆಲಸ ಕಾಯಿಯದು

ತೆಂಗಿನಕಾಯಿಗೆ ಕಣ್ಣಿದೆ, ಅದು ಮನುಷ್ಯರ ಮೇಲೆ ಬೀಳುವುದಿಲ್ಲ ಎಂದು ನನಗೆ ಹೇಳಿದವರು ನಮ್ಮ ಅಜ್ಜಿ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ ನಮ್ಮ ತೋಟ. ಅಜ್ಜಿ ಮರದ ಬುಡದಲ್ಲಿ ಚಾಪೆ ಹಾಸಿ ನನ್ನನ್ನು ಮಲಗಿಸುತ್ತಿದ್ದರು. ಮೇಲೆ ಕಾಯಿಗಳು ತೂಗುವುದನ್ನು ಕಂಡು ನಾನು ಎದ್ದು ಕೂತರೆ, “ಮನೀಕ್ಕೊಳವ್ವ, ಏನೂ ಆಗಲ್ಲ. ಕಾಯಿಗೆ ಮೂರು ಕಣ್ಣವೆ. ಎರಡು ನೋಡಕ್ಕೆ, ಇನ್ನೊಂದು ಇವ್ರು ಎಂಥೋರು ಅಂತ ತಿಳ್ಕಳಕ್ಕೆ. ಒಳ್ಳೇರ ಮ್ಯಾಲೆ ಅದು ಬೀಳಲ್ಲ” ಎನ್ನುತ್ತಿದ್ದರು. ನಾನು ಒಳ್ಳೆಯವಳು ಎಂಬ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ನಿದ್ದೆ ಬರುತ್ತಿತ್ತು.

ಚಿಕ್ಕಂದಿನಲ್ಲಿ ಕೇಳಿದ ಇಂಥ ಎಷ್ಟೋ ಮಾತುಗಳು ಬೆಳೆಯುತ್ತ ಬೆಳೆಯುತ್ತ ತಾವಾಗಿಯೇ ಉದುರಿದವು. ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಎಂಬುದು ಒಂದು ಸೀತಾಫಲದ ಕಾಲದಲ್ಲಿ ಸುಳ್ಳಾಯಿತು. ಮಲಗಿದವರನ್ನು ದಾಟಿದರೆ ಅವರು ಬೆಳೆಯುವುದಿಲ್ಲ ಎಂಬುದನ್ನು ನಮ್ಮ ಮನೆಯ ಎತ್ತರದ ಗಂಡುಮಕ್ಕಳು ಸುಳ್ಳು ಮಾಡಿದರು. ಕಾಯಿಯ ಕಣ್ಣಿನ ವಿಷಯ ಮಾತ್ರ ಹಾಗಾಗಲಿಲ್ಲ. ಅದು ಪ್ರತಿದಿನವೂ ನಿಜವಾಗುತ್ತಿತ್ತು. ಈ ದಿನವೂ ಯಾರ ಮೇಲೂ ಕಾಯಿ ಬೀಳಲಿಲ್ಲ, ನೋಡಿದೆಯಾ? ಪರೀಕ್ಷೆಗೆ ಕೂರದೆಯೇ ದಿನಾ ಪಾಸಾಗುವ ನಂಬಿಕೆ ಅದು.

ನಾನು ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಇಷ್ಟು ಎತ್ತರದ ಮರದಿಂದ ಕಾಯಿ ಕಳಚಿದರೆ ನೆಲ ಮುಟ್ಟುವಾಗ ಅದರ ವೇಗವೆಷ್ಟು ಎಂಬ ಲೆಕ್ಕವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಬೋರ್ಡಿನ ಮೇಲಿನ ಕಾಯಿಗೆ ತೂಕವಿತ್ತು, ಎತ್ತರವಿತ್ತು, ಕಣ್ಣಿರಲಿಲ್ಲ. ಅದು ಕೆಳಗಿದ್ದವರ ಗುಣ ವಿಚಾರಿಸುತ್ತಿರಲಿಲ್ಲ. ಶನಿವಾರ ಆ ಪಾಠ ಮುಗಿಸಿ, ಭಾನುವಾರ ತೋಟಕ್ಕೆ ಹೋಗಿ, ಗೊನೆ ಜೋತಾಡುವ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಪೇಪರ್ ಓದುತ್ತಿದ್ದೆ. ಒಂದು ಸಲವೂ ಕತ್ತೆತ್ತಿ ನೋಡಿರಲಿಲ್ಲ. ನೋಡುವ ಕೆಲಸ ಕಾಯಿಯದು. ಕೂರುವ ಕೆಲಸ ನಮ್ಮದು.

ಇನ್ನು ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಆಮೇಲೆ ಪ್ರತಿಯೊಬ್ಬರೂ ಅದನ್ನು ತಮಗೆ ಬೇಕಾದಂತೆ ಹೇಳಿದ್ದಾರೆ.

ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ತೋಟದ ಮನೆಗೆ ಬಂದಿದ್ದರು. ನೋಡುವುದು ಎಂಬುದು ಮಾತಿಗೆ ಅಷ್ಟೆ. ಹುಡುಗ ಮತ್ತು ನನ್ನ ತಂಗಿ ತುಮಕೂರಿನ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ, ಒಬ್ಬರನ್ನೊಬ್ಬರು ಸಾಕಷ್ಟು ನೋಡಿಕೊಂಡೇ ಈ ಮಾತು ಎತ್ತಿದ್ದರು. ಅವರದು ಕುಣಿಗಲ್ ತಾಲ್ಲೂಕು, ಅಮೃತೂರಿನ ಕಡೆ ತೋಟ. ಹುಡುಗನ ಜೊತೆ ಅವನ ತಂದೆ, ತಾಯಿ, ಅಜ್ಜಿ ಬಂದಿದ್ದರು. ತಂದೆ ಸರ್ಕಾರಿ ಇಂಜಿನಿಯರಾಗಿ ಊರೂರಿಗೆ ಸೇತುವೆ ಕಟ್ಟಿಸಿದವರು. ಮನೆಯೊಳಗೆ ಸೆಕೆಯೆಂದು ಕುರ್ಚಿಗಳನ್ನು ಮರಗಳ ಕೆಳಗೆ ಹಾಕಿದೆವು. ಎರಡೂ ಕಡೆಯವರು ತೆಂಗಿನ ತೋಟದವರೇ. ಯಾರಿಗೂ ಏನೂ ಅನ್ನಿಸಲಿಲ್ಲ.

ಚಿಕ್ಕಪ್ಪ ಕೊಡುಬಳೆಯ ತಟ್ಟೆ ಹಿಡಿದು ಹುಡುಗನ ತಂದೆಯ ಮುಂದೆ ಬಗ್ಗಿದರು. “ಇನ್ನೊಂದು ತಗೊಳ್ಳಿ, ನಮ್ಮನೇವ್ರು ಕೈಯಾರೆ ಮಾಡಿರೋದು.” ಹುಡುಗನ ತಂದೆ “ಸಾಕು, ಸಾಕು” ಎನ್ನುತ್ತಲೇ ಕೈ ಚಾಚಿದರು. ಮೇಲೆ ಗರಿ ಸರಿದ ಸಣ್ಣ ಸದ್ದು. ಆಮೇಲೆ ಸದ್ದೇ ಇಲ್ಲ. ಆಮೇಲೆ ರಾಗಿ ಮೂಟೆಯನ್ನು ನೆಲಕ್ಕಿಳಿಸಿದಂಥ ಸದ್ದು. ಕಾಯಿ ಚಿಕ್ಕಪ್ಪನ ಬಲ ಭುಜದ ಮೇಲೆ ಬಿದ್ದು, ಉರುಳಿ, ನನ್ನ ಕಾಲಿನ ಹತ್ತಿರ ಬಂದು ನಿಂತಿತು. ಕೊಡುಬಳೆಗಳು ಚೆಲ್ಲಿದವು. ಒಂದು ಬಹಳ ದೂರ ಉರುಳಿಕೊಂಡು ಹೋಯಿತು. ನಾನು ಆ ಹೊತ್ತಿನಲ್ಲಿ ಅದನ್ನೇ ಯಾಕೆ ನೋಡುತ್ತಿದ್ದೆನೋ ತಿಳಿಯದು.

ಚಿಕ್ಕಪ್ಪ ಕೂಗಲಿಲ್ಲ. ನಿಧಾನವಾಗಿ ತಿರುಗಿ, “ಯಾರದು?” ಎಂದರು.

ಯಾರೋ ಹೊಡೆದರು ಎಂದುಕೊಂಡಿದ್ದರು. ಹಿಂದೆ ಯಾರೂ ಇರಲಿಲ್ಲ. ನನ್ನ ಕಾಲ ಹತ್ತಿರ ಕಾಯಿ ಕಂಡಿತು. ಅದನ್ನು ಕಂಡ ಮೇಲೆಯೇ ಅವರ ಮುಖ ಬಿಳಿಚಿಕೊಂಡಿತು.

ಮೊದಲು ಬಾಯಿ ತೆರೆದವರು ಹುಡುಗನ ಅಜ್ಜಿ. “ಅಯ್ಯೋ ಶಿವ್ನೇ, ಕಾಯಿಗೆ ಕಣ್ಣಿರ್ತದಲ್ಲಪ್ಪಾ!”

ಅದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಬರೀ ಆಶ್ಚರ್ಯ. ಆದರೆ ಆ ಮಾತಿನ ನಂತರ ಅಲ್ಲಿದ್ದ ಓದಿದವರೆಲ್ಲ, ನಾನೂ ಸೇರಿದಂತೆ, ಚಿಕ್ಕಪ್ಪನ ಭುಜವನ್ನು ನೋಡಲಿಲ್ಲ, ಮುಖವನ್ನು ನೋಡಿದೆವು.

ತುಮಕೂರಿನ ಆಸ್ಪತ್ರೆಗೆ ಕರೆತಂದೆವು. ಕಾಲರ್ ಬೋನ್ ಮುರಿದಿತ್ತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಏನಾಯ್ತು ಸಾರ್, ಬೈಕಾ?” ಎಂದರು.

“ಇಲ್ಲ. ಕಾಯಿ ಬಿತ್ತು.”

ಡಾಕ್ಟರು ಎಕ್ಸ್‌ರೇ ಕೆಳಗಿಳಿಸಿದರು. “ಕಾಯಿನಾ? ನಮ್ದೂ ತೋಟ ಇದೆ ಸಾರ್. ನಾವು ಅಲ್ಲೇ ಮಲಗ್ತೀವಿ, ಮಕ್ಳು ಅಲ್ಲೇ ಆಡ್ತವೆ. ಮನುಷ್ಯರ ಮೇಲೆ ಬೀಳಲ್ವಲ್ಲ ಅದು?” ಎಂದು ಚಿಕ್ಕಪ್ಪನನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು.

ಆಸ್ಪತ್ರೆಗೆ ಹತ್ತಿರವೆಂದು ಚಿಕ್ಕಪ್ಪ ಚಿಕ್ಕಮ್ಮ ನಮ್ಮ ಮನೆಯಲ್ಲೇ ಉಳಿದರು. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಬಗ್ಗೆ ಯಾರೂ ಯಾವತ್ತೂ ಕೆಟ್ಟದ್ದು ಹೇಳಿರಲಿಲ್ಲ. ಈಗ ಬ್ರೆಡ್ಡು ಮೂಸಂಬಿ ಹಿಡಿದು ನೋಡಲು ಬಂದ ನೆಂಟರೆಲ್ಲ ಒಂದೊಂದು ಪಾಪವನ್ನೂ ತಂದರು.

ಮೊದಲು ಬಂದವರು ಚಿಕ್ಕಪ್ಪನ ಅಕ್ಕ, ನನ್ನ ಸೋದರತ್ತೆ. ಮಂಚದ ಪಕ್ಕ ಕೂತು, ತಮ್ಮನ ತಲೆ ಸವರಿ, ಕಣ್ಣೊರೆಸಿಕೊಂಡು, “ಅವತ್ತೇ ಹೇಳ್ದೆ ನಾನು, ಅಮ್ಮ ನೆಟ್ಟಿದ್ದ ಹಲಸಿನ ಮರ ಕಡಿಬ್ಯಾಡ ಕಣೋ ಅಂತ. ಎಂಥಾ ತೊಳೆ! ವರ್ಷಕ್ಕೊಂದು ಹಣ್ಣಾದ್ರೂ ಅಕ್ಕನ ಮನೆಗೆ ಕಳಿಸ್ಬೇಕು ಅಂತ ಅನ್ನಿಸ್ಲಿಲ್ಲ ನಿಂಗೆ” ಎಂದರು. ಮರ ಕಡಿದದ್ದು ಪಾಪವೋ ಹಣ್ಣು ಕಳಿಸದೇ ಇದ್ದದ್ದು ಪಾಪವೋ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ.

ಆಮೇಲೆ ಚಿಕ್ಕಪ್ಪನ ಷಡ್ಡಕರು ಬಂದರು. ವಿಮೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಅಪಘಾತಗಳ ವಿಷಯ ತಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ತಿಳಿಯದು ಎಂಬಂತೆ ಮಾತಾಡುತ್ತಾರೆ. ತಮ್ಮ ಮನೆಯ ಗೃಹಪ್ರವೇಶಕ್ಕೆ ಚಿಕ್ಕಪ್ಪ ಬರಲಿಲ್ಲವೆಂಬುದನ್ನು ನೆನಪಿಸಿ, “ನಾನೇನ್ ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ ಬಿಡಿ. ಆದ್ರೆ ಮೇಲಿರೋದಕ್ಕೆ ಎಲ್ಲಾ ಕಾಣತ್ತೆ” ಎಂದರು.

ನನಗೆ ತಡೆಯಲಾಗಲಿಲ್ಲ. ಕಾಯಿ ಬಲಿತ ಮೇಲೆ ತೊಟ್ಟು ಒಣಗುತ್ತದೆ, ಒಣಗಿದ ಮೇಲೆ ಒಂದು ದಿನ ಅದು ಭಾರ ತಡೆಯುವುದಿಲ್ಲ, ಕಳಚುತ್ತದೆ, ನೇರ ಕೆಳಗೆ ಬರುತ್ತದೆ, ಕೆಳಗೆ ಯಾರಿದ್ದರೂ ಅಷ್ಟೇ ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಷಡ್ಡಕರು ಪೂರ್ತಿ ಕೇಳಿಸಿಕೊಂಡರು.

“ಅದು ಹೆಂಗ್ ಬಿತ್ತು ಅಂತ ಆಯ್ತಮ್ಮ. ಯಾಕ್ ಬಿತ್ತು, ಅದು ಹೇಳು.”

ಆ ಕಾಯಿಯನ್ನು ಯಾರೋ ಕಾರಿನ ಡಿಕ್ಕಿಯಲ್ಲಿ ಹಾಕಿಬಿಟ್ಟಿದ್ದರು. ಅದು ನಮ್ಮ ಅಡುಗೆಮನೆಯ ಮೂಲೆಯಲ್ಲಿತ್ತು. ಅದರ ಚಟ್ನಿ ತಿನ್ನಲು ಯಾರೂ ಒಪ್ಪಿರಲಿಲ್ಲ. ನಾನೇ ಮಟ್ಟೆ ಸುಲಿದು ಅವರ ಮುಂದೆ ಹಿಡಿದೆ. “ನೋಡಿ, ಕಣ್ಣಿರೋದು ತೊಟ್ಟಿನ ಕಡೆ. ಮರದಲ್ಲಿ ತೂಗ್ತಿದ್ದಾಗ ಇದು ಮೇಲಕ್ಕಿರತ್ತೆ, ಕೆಳಕ್ಕಲ್ಲ. ಅದೂ ಇಷ್ಟು ದಪ್ಪ ಮಟ್ಟೆ ಒಳಗೆ. ಇದಕ್ಕೆ ನಾವು ಹೇಗೆ ಕಾಣ್ತೀವಿ?”

ಷಡ್ಡಕರು ಕಾಯಿಯನ್ನು ಕೈಗೆ ತೆಗೆದುಕೊಂಡು ಕಣ್ಣುಗಳ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. “ನೋಡ್ದಾ! ದೇವರ ಕಡೆ ಮುಖ ಮಾಡ್ಕೊಂಡಿರತ್ತೆ. ಅಪ್ಪಣೆ ಬರೋದು ಅಲ್ಲಿಂದ ತಾನೇ? ಇಷ್ಟು ದಿನ ನಂಗೂ ಗೊತ್ತಿರ್ಲಿಲ್ಲ ಕಣಮ್ಮ.”

ನನ್ನ ಪಾಠದಿಂದ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಇಷ್ಟು ವರ್ಷದ ನನ್ನ ಕೆಲಸದಲ್ಲಿ ಇಷ್ಟು ಚೆನ್ನಾಗಿ ಪಾಠ ಕೇಳಿದವರು ಕಡಿಮೆ.

ನೆಂಟರ ಮಾತು ನೆಂಟರ ಜೊತೆ ಹೋಗುತ್ತಿತ್ತು. ಆದರೆ ಹುಡುಗನ ತಾಯಿ ಫೋನ್ ಮಾಡಿ, ನಿಶ್ಚಿತಾರ್ಥವನ್ನು “ಸ್ವಲ್ಪ ಮುಂದಕ್ಕೆ” ಹಾಕೋಣ ಎಂದರು. ಅವರ ಮಾತು ಬಹಳ ಮೃದುವಾಗಿತ್ತು. ತಮಗೇನೂ ಇಲ್ಲವಂತೆ, ಯಜಮಾನರಿಗೂ ಏನೂ ಇಲ್ಲವಂತೆ, ಹಿರಿಯರ ಮನಸ್ಸಿಗೆ ಸಮಾಧಾನವಿಲ್ಲವಂತೆ. ಹಿರಿಯರು ಯಾರೆಂದರೆ ಅಜ್ಜಿಯೊಬ್ಬರೇ. ಸೇತುವೆ ಕಟ್ಟಿಸಿದವರು ಅಜ್ಜಿಯ ಹಿಂದೆ ನಿಂತಿದ್ದರು. ಚಿಕ್ಕಮ್ಮ ಫೋನ್ ಇಟ್ಟು ಗೋಡೆ ನೋಡುತ್ತ ಕೂತರು.

ತಂಗಿ ಅಡುಗೆಮನೆಗೆ ಬಂದು ನನ್ನ ಎದುರು ನಿಂತಳು. “ಅಕ್ಕ, ಒಂದು ಕಾಯಿ ಬಿತ್ತು ಅಂತ ಮದ್ವೆ ನಿಲ್ಲುತ್ತೇನೇ? ನಗ್ಬೇಕೋ ಅಳ್ಬೇಕೋ ಗೊತ್ತಾಗ್ತಿಲ್ಲ ಕಣೇ.”

“ಅವನೇನಂತಾನೆ?”

“ನೋಡ್ತೀನಿ ಬಿಡು ಅಂದ. ಅವನು ಯಾವತ್ತೂ ಅಷ್ಟೇ ಹೇಳೋದು.” ಅವಳು ನಗಲೂ ಇಲ್ಲ, ಅಳಲೂ ಇಲ್ಲ. “ಮದ್ವೆ ಹಾಳಾಗ್ಲಿ. ಅಪ್ಪನ್ನ ನೋಡಿದ್ಯಾ? ಅಪ್ಪ ನಂಬ್ಬಿಟ್ಟವ್ರೆ.”

ಅವಳು ಹೇಳಿದ್ದು ನಿಜ. ನಾನು ಕಾಫಿ ಕೊಡಲು ಹೋದಾಗ ಚಿಕ್ಕಪ್ಪ ಕೈಗೆ ಜೋಲಿ ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ಲೋಟ ತೆಗೆದುಕೊಳ್ಳಲಿಲ್ಲ.

“ಹಲಸಿನ ಮರ ಅಲ್ಲಮ್ಮ. ಅದಕ್ಕೆ ಹುಳ ಹಿಡಿದಿತ್ತು. ಗೃಹಪ್ರವೇಶನೂ ಅಲ್ಲ, ಅವತ್ತು ನಂಗೆ ಜ್ವರ.” ಜೋಲಿಯ ಗಂಟು ಸರಿ ಮಾಡಿಕೊಂಡರು. “ಒಂದ್ಸಲ ಪರೀಕ್ಷೆ ಹಾಲಲ್ಲಿ ಒಂದು ಹುಡುಗಿ ಎದ್ದು ನಿಂತು, ಸಾರ್, ಹೊರಗೆ ಹೋಗ್ಬೇಕು ಅಂದ್ಲು. ನಾನು ಬಿಡ್ಲಿಲ್ಲ. ಕಾಪಿ ಹೊಡೆಯೋಕೆ ಅಂದ್ಕೊಂಡೆ. ಮತ್ತೆ ಕೇಳಿದ್ಲು, ಮತ್ತೆ ಬಿಡ್ಲಿಲ್ಲ. ಅಳ್ತಾ ಅಳ್ತಾ ಬರೆದ್ಲು. ಆಮೇಲೆ ಸ್ಕೂಲಿಗೇ ಬರ್ಲಿಲ್ಲ. ಅದೇ ಇರ್ಬೇಕು.”

ತೊಟ್ಟಿನ ಪಾಠ ಬಾಯಿಗೆ ಬಂತು, ಹೇಳಲಾಗಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು, ತಮ್ಮ ಬದುಕನ್ನು ಹಿಂದಿನಿಂದ ಮುಂದಕ್ಕೆ ಕೂಡಿ ಕಳೆದು, ಭುಜದ ಮೇಲೆ ಬಿದ್ದ ಉತ್ತರಕ್ಕೆ ಸರಿಹೊಂದುವ ಪ್ರಶ್ನೆ ಹುಡುಕುತ್ತಿದ್ದರು. ಕೊನೆಗೂ ಒಂದು ಸಿಕ್ಕಿತ್ತು. ಆ ದಿನದಿಂದ ಅವರು ಸರಿಯಾಗಿ ಊಟ ಮಾಡುವುದನ್ನೂ ಬಿಟ್ಟರು.

ಜೋಲಿ ಬಿಚ್ಚಿದ ಮೇಲೆ ಅಮೃತೂರಿನಿಂದ ಕರೆ ಬಂತು. ಒಮ್ಮೆ ಎಲ್ಲರೂ ತೋಟಕ್ಕೆ ಬನ್ನಿ, ಅಜ್ಜಿ ಏನೋ ಹೇಳಬೇಕಂತೆ ಎಂದು. ಚಿಕ್ಕಪ್ಪ, ಚಿಕ್ಕಮ್ಮ, ತಂಗಿ, ಅತ್ತೆ, ಷಡ್ಡಕರು, ನಾನು ಕುಣಿಗಲ್ ದಾಟಿ ಹೋದೆವು. ಅಂಗಳದಲ್ಲಿ ಅಜ್ಜಿ ಚಿಕ್ಕಪ್ಪನ ಕೈ ಹಿಡಿದುಕೊಂಡರು.

“ನಂಗೂ ಈ ಮಗೀನೇ ಬೇಕು ಕಣಪ್ಪ, ಸುಳ್ಳು ಹೇಳಲ್ಲ. ಆದ್ರೆ ನಾಳೆ ಊರೋರು ಆಡ್ಕಂಡ್ರೆ? ಅದಕ್ಕೇ ಒಂದು ದಾರಿ ಮಾಡಿವ್ನಿ. ನಮ್ಮ ತೋಟದಾಗೆ ಒಂದ್ ಗಳಿಗೆ ಮರದ ಕೆಳಗೆ ಕೂತ್ಕಂಡು ಕಾಫಿ ಕುಡಿ. ಕಾಯಿ ನೋಡ್ಲಿ. ನೋಡ್ಬುಟ್ಟು ಸುಮ್ಕಿದ್ರೆ ಆಯ್ತಲ್ಲ, ಇನ್ನೇನು? ಮದ್ವೆ ಮಾಡುವ.”

ಇದರಲ್ಲಿ ತಪ್ಪೇನೆಂದು ಯಾರಿಗೂ ಹೊಳೆಯಲಿಲ್ಲ. ಹುಡುಗನ ತಂದೆ, “ಒಂದು ಫಾರ್ಮಾಲಿಟಿ ಅಷ್ಟೆ” ಎಂದರು. ಸೇತುವೆಗಳ ಮೇಲೆ ಮರಳಿನ ಲಾರಿ ನಿಲ್ಲಿಸಿ ಭಾರ ಪರೀಕ್ಷೆ ಮಾಡಿಸುವವರಿಗೆ ಮನುಷ್ಯನನ್ನು ಕೂರಿಸಿ ಪರೀಕ್ಷಿಸುವುದು ಸಹಜವಾಗಿಯೇ ಕಂಡಿರಬೇಕು. ಚಿಕ್ಕಪ್ಪ ತೋಟದ ಕಡೆ ನಡೆದರು. ಪರೀಕ್ಷೆ ಹಾಲಿಗೆ ಹೋಗುವ ಹುಡುಗನ ಹಾಗೆ ಅಂಗಿ ಸರಿ ಮಾಡಿಕೊಂಡರು.

ಅಜ್ಜಿ ಕಾಯಿ ತುಂಬಿದ ಒಂದು ಮರದ ಕಡೆ ಕೋಲು ತೋರಿಸಿದರು. ಹುಡುಗ ಕುರ್ಚಿ ಹೊತ್ತು ತಂದವನು, “ಅಲ್ಲಿ ಕೆಂಜಗ ಐತೆ ಅಜ್ಜಿ, ಕಚ್ತವೆ” ಎಂದು ಅದರ ಆಚೆಯ ಮರದ ಕೆಳಗೆ ಹಾಕಿದ.

ಚಿಕ್ಕಮ್ಮ ತಡೆಯಲಾರದೆ, “ಬೈಕಿನ ಹೆಲ್ಮೆಟ್ ಇದ್ರೆ ಕೊಡಪ್ಪ, ಹಾಕ್ಕೊಂಡಾದ್ರೂ ಕೂತ್ಕೊಳ್ಲಿ” ಎಂದರು.

“ಅಯ್ಯೋ ತಾಯಿ, ಅದ್ಹೆಂಗವ್ವ ಆಯ್ತದೆ?” ಎಂದರು ಅಜ್ಜಿ. “ತಲೆಗೆ ಅದನ್ನ ಗುಬುರಾಕ್ಕಂಡ್ರೆ ಯಾರು ಏನು ಅಂತ ಕಾಯಿಗೆ ಗುರುತು ಸಿಗಬ್ಯಾಡ್ವಾ?”

ಚಿಕ್ಕಪ್ಪ ಹೆಲ್ಮೆಟ್ ಇಲ್ಲದೆ ಕೂತರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾವೆಲ್ಲ ನಮ್ಮ ಕಾಫಿ ಹಿಡಿದು ದೂರದಲ್ಲಿ, ಶೀಟು ಹೊದಿಸಿದ ಪಂಪ್‌ಸೆಟ್ ಮನೆಯ ಸೂರಿನ ಕೆಳಗೆ ನಿಂತಿದ್ದೆವು. ಯಾರೂ ನಿಲ್ಲಿ ಎಂದು ಹೇಳಿರಲಿಲ್ಲ. ಎಲ್ಲರೂ ತಾವಾಗಿಯೇ ಅಲ್ಲಿಗೆ ಸೇರಿಕೊಂಡಿದ್ದರು.

ಅದನ್ನು ಮೊದಲು ಗಮನಿಸಿದವಳು ತಂಗಿ. ಅವಳು ನೆರಳಿನಿಂದ ಹೊರಗೆ ಬಂದಳು.

“ಅಪ್ಪ ಒಬ್ರೇ ಯಾಕಜ್ಜಿ? ಎಲ್ರೂ ಕೂತ್ಕೊಳ್ಳೋಣ. ಇಷ್ಟೊಂದು ಮರ ಇದಾವಲ್ಲ, ಒಬ್ಬೊಬ್ರಿಗೆ ಒಂದೊಂದು.”

ಹುಡುಗನ ತಂದೆ ತಮಗೆ ಬಿಸಿಲು ಆಗುವುದಿಲ್ಲ ಎಂದರು. ತೋಟದಲ್ಲಿ ಬಿಸಿಲಿರಲಿಲ್ಲ. ಹುಡುಗನ ತಾಯಿಗೆ ಒಲೆಯ ಮೇಲೆ ಏನೋ ಇಟ್ಟಿದ್ದು ನೆನಪಾಯಿತು. ಷಡ್ಡಕರಿಗೆ ಫೋನ್ ಬಂತು. “ಹಲೋ, ಹಲೋ” ಎಂದು ಅವರು ಗೋಡೆಗೆ ಇನ್ನಷ್ಟು ಒತ್ತಿಕೊಂಡರು. ಆ ತೋಟದಲ್ಲಿ ಸಿಗ್ನಲ್ ಇಲ್ಲವೆಂದು ಬಂದಾಗಿನಿಂದ ಗೊಣಗುತ್ತಿದ್ದವರು ಅವರೇ. ಅತ್ತೆ ಮಂಡಿ ಹಿಡಿದುಕೊಂಡು, “ಕುರ್ಚಿ ಮೇಲೆ ಕೂತ್ರೆ ಏಳಕ್ಕಾಗಲ್ಲ ಕಣೇ ನಂಗೆ” ಎಂದರು. ಬರುವಾಗ ಕಾರಿನಲ್ಲಿ ಕೂತೇ ಬಂದಿದ್ದರು.

“ನೀವು ಅಜ್ಜಿ?” ಎಂದಳು ತಂಗಿ.

“ನಾನ್ಯಾಕವ್ವ ಕೂತ್ಕಳ್ಲಿ? ನಂಗೇನ್ ಮದ್ವೆನಾ?”

ಕಾಯಿಗೆ ಕಣ್ಣಿದೆ ಎಂದು ಅಲ್ಲಿದ್ದವರೆಲ್ಲ ಎಷ್ಟು ಆಳವಾಗಿ ನಂಬಿದ್ದರು ಎಂಬುದು ನನಗೆ ಆಗಲೇ ಅರ್ಥವಾದದ್ದು. ನಂಬದವರಾಗಿದ್ದರೆ ಒಬ್ಬರಾದರೂ ಹೋಗಿ ಕೂರುತ್ತಿದ್ದರು. ಒಳ್ಳೆಯವರ ಮೇಲೆ ಬೀಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಳಿದದ್ದು ಅವರವರಿಗೆ ಮಾತ್ರ ಗೊತ್ತಿತ್ತು.

ಹುಡುಗ ಇನ್ನೊಂದು ಕುರ್ಚಿ ತಂದು ಚಿಕ್ಕಪ್ಪನ ಪಕ್ಕದಲ್ಲೇ ಹಾಕಿ ಕೂತ. ತಂಗಿ ಹೋಗಿ ಅಪ್ಪನ ಇನ್ನೊಂದು ಪಕ್ಕ ನೆಲದ ಮೇಲೆ ಕೂತಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನೂ ಹೋಗಬೇಕೆಂದು ಹೆಜ್ಜೆ ಎತ್ತಿದೆ. ಆ ಸದ್ದು ಕೇಳಿದಾಗಿನಿಂದ ನನಗೊಂದು ಅಭ್ಯಾಸವಾಗಿದೆ. ಎಲ್ಲಿ ಕೂರುವುದಾದರೂ ಮೊದಲು ಮೇಲೆ ನೋಡುತ್ತೇನೆ, ಕ್ಲಾಸಿನಲ್ಲಿ ಫ್ಯಾನನ್ನು ಕೂಡ. ಹಾಗೆ ನೋಡಿದೆ.

ಆ ಮರದಲ್ಲಿ ಕಾಯಿಯೇ ಇರಲಿಲ್ಲ.

ಗರಿಗಳಿದ್ದವು, ಒಂದು ಹೊಂಬಾಳೆಯಿತ್ತು, ಗೋಲಿಯಷ್ಟು ಹರಳು ಮಿಡಿಗಳಿದ್ದವು. ಗೊನೆ ಕಡಿದ ಗುರುತು ಇನ್ನೂ ಬೆಳ್ಳಗೆ ಹಸಿಯಾಗಿತ್ತು. ಸುತ್ತಲಿನ ಮರಗಳೆಲ್ಲ ತುಂಬಿದ್ದವು. ಈ ಒಂದರ ಕಾಯಿಗಳನ್ನು ಮಾತ್ರ ಯಾರೋ ಆ ಬೆಳಿಗ್ಗೆಯೋ ಹಿಂದಿನ ದಿನವೋ ಕೆಡವಿಸಿದ್ದರು. ಅಲ್ಲಿದ್ದ ಅಷ್ಟು ಜನ ತೋಟದವರಲ್ಲಿ ಒಬ್ಬರೂ ಕತ್ತೆತ್ತಿರಲಿಲ್ಲ. ಎಲ್ಲರೂ ಚಿಕ್ಕಪ್ಪನ ಮುಖವನ್ನೇ ನೋಡುತ್ತಿದ್ದರು.

ನಾನು ಕಣ್ಣು ಕೆಳಗಿಳಿಸಿದಾಗ ಹುಡುಗ ನನ್ನನ್ನೇ ನೋಡುತ್ತಿದ್ದ.

“ಅಕ್ಕ,” ಎಂದ, “ನಿಮ್ ಕಾಫಿಗೆ ಸಕ್ಕರೆ ಸಾಕಾಯ್ತಾ?”

“ಸಾಕಾಯ್ತು” ಎಂದೆ.

ಚಿಕ್ಕಪ್ಪ ಕಾಫಿ ಕುಡಿದು ಮುಗಿಸಿ, ಖಾಲಿ ಲೋಟವನ್ನು ಬೋರಲು ಮಾಡಿ ತೋರಿಸಿದರು. ಅಜ್ಜಿ ಓಡಿಬಂದು ಅವರ ಕೆನ್ನೆ ಸವರಿ ನೆಟಿಗೆ ಮುರಿದರು. “ನಾನ್ ಹೇಳ್ಲಿಲ್ವಾ, ಚಿನ್ನದಂಥ ಮನುಷ್ಯ ಅಂತ!” ಷಡ್ಡಕರ ಫೋನ್ ಮುಗಿಯಿತು, ಅತ್ತೆಯ ಮಂಡಿ ವಾಸಿಯಾಯಿತು. ಅಲ್ಲೇ ಒಳ್ಳೆಯ ದಿನ ನೋಡಿದರು. ಚಿಕ್ಕಪ್ಪ ಆ ಮಧ್ಯಾಹ್ನ ಮುದ್ದೆ ಎರಡು ಸಲ ಹಾಕಿಸಿಕೊಂಡರು. ಅದನ್ನು ನೋಡುತ್ತ ನಾನು ಮರದ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ವಾಪಸು ಬರುವಾಗ ನಾನು ಕಾರು ಓಡಿಸುತ್ತಿದ್ದೆ, ಚಿಕ್ಕಪ್ಪ ಪಕ್ಕದಲ್ಲಿದ್ದರು. ಹಿಂದೆ ಉಳಿದವರು ನಿದ್ದೆ ಹೋಗಿದ್ದರು.

“ನೋಡಿದ್ಯಲ್ಲಮ್ಮ, ಬೀಳ್ಲಿಲ್ಲ.”

“ನೋಡ್ದೆ ಚಿಕ್ಕಪ್ಪ.”

“ಹಂಗಾದ್ರೆ ಆ ಹುಡುಗಿ ವಿಷಯ ಅಲ್ಲ ಅದು. ಅವಳು ಎಲ್ಲೋ ಚೆನ್ನಾಗಿರ್ಬೇಕು.”

ನಾನು ರಸ್ತೆ ನೋಡುತ್ತಿದ್ದೆ. ಆ ಹುಡುಗಿಯ ವಿಷಯ ಇರಬೇಕಾದಷ್ಟು ಹೊತ್ತು ಅವರ ಮನಸ್ಸಿನಲ್ಲಿ ಉಳಿಯಲಿಲ್ಲವೇನೋ ಅನ್ನಿಸಿತು. ಕುಣಿಗಲ್ ಕೆರೆ ಬರುವವರೆಗೂ ಅವರು ಭುಜ ಸವರಿಕೊಳ್ಳುತ್ತ ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ಹಿಂದೆ ತಿರುಗಿ, ಮಗಳು ನಿದ್ದೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

“ಅವತ್ತು ನಾನು ಕೊಡುಬಳೆ ತಟ್ಟೆ ಹಿಡ್ಕೊಂಡು ಬಗ್ಗಿದ್ದು ಯಾರ್ ಮುಂದೆ?”

“ಬೀಗರ ಮುಂದೆ.”

“ಅದೇ ನೋಡು. ಬಂದಿದ್ದು ಅವ್ರಿಗೆ. ನಾನು ಅಡ್ಡ ಹೋದೆ.” ಅವರು ದೀರ್ಘವಾಗಿ ಉಸಿರುಬಿಟ್ಟರು. “ಪಾಪ, ಸೇತುವೆ ಗೀತುವೆ ಕಟ್ಟಿಸ್ದೋರು. ಏನ್ ಮಾಡವ್ರೋ ಏನೋ. ಸಂಬಂಧ ಆಯ್ತಲ್ಲ ಇನ್ಮೇಲೆ, ಎಲ್ಲೂ ಬಾಯಿ ಬಿಡ್ಬೇಡ ಕಣಮ್ಮ.”